ಹಾಲಿನಲ್ಲಿ ಉಳಿಯುವ ಔಷಧಾಂಶ

ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ರಣಹದ್ದುಗಳು ಗೂಡು ಕಟ್ಟುವ ಸಂಗತಿಯು ಈ ಸೀಮೆಯವರಿಗೆ ತಿಳಿದೇ ಇದೆ. 2012ನೆಯ ಇಸವಿಯಲ್ಲಿ ಸರ್ಕಾರದವರು ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದರು. ದೇಶದಲ್ಲಿ ಈ ಪಕ್ಷಿಗಳು ಕ್ಷೀಣಿಸಿದುದಕ್ಕೆ ಮುಖ್ಯ ಕಾರಣವು ನಮ್ಮ ಕೊಟ್ಟಿಗೆಗಳಲ್ಲಿಯೇ ಇದ್ದಿತು. ದನಗಳ ನೋವಿಗೂ ಜ್ವರಕ್ಕೂ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತಿದ್ದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯು ನಿಷೇಧಿಸಲ್ಪಟ್ಟಿತು. ಹಸುವಿಗೆ ಕೊಟ್ಟ ಔಷಧವು ಹಸುವಿನಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಮಾಂಸದಲ್ಲಿ ಉಳಿಯುವಂತೆಯೇ ಔಷಧವು ಕೆಲವು ದಿನ ಹಾಲಿನಲ್ಲಿಯೂ ಇಳಿಯುವುದು. ಕೆಚ್ಚಲು ಬಾವಿಗೆ ಕೊಡುವ ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಮೊದಲಾದವು ಇದರಲ್ಲಿ ಮುಖ್ಯವಾದವು. 2018ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದವರು ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳ ಪೈಕಿ 77ರಲ್ಲಿ ಇಂಥ ಔಷಧಾಂಶವು ಮಿತಿಮೀರಿದ್ದಿತು. ಪ್ರಮಾಣವು ಅಲ್ಪವೆಂದು ಉದಾಸೀನ ಮಾಡಲಾಗದು. ಒಂದು ಹಸುವಿನ ಹಾಲು ಸಂಘದ ಶೀತಲ ತೊಟ್ಟಿಯಲ್ಲಿ ಇಡೀ ಊರಿನ ಹಾಲಿನೊಡನೆ ಬೆರೆಯುವುದು.

ಹಾಲನ್ನು ಚೆನ್ನಾಗಿ ಕಾಯಿಸಿದರೆ ದೋಷವು ಹೋಗುವುದೆಂದು ಹಲವರು ಹೇಳುವುದುಂಟು. ಇದು ತಪ್ಪು ತಿಳಿವಳಿಕೆ. ಇಂಥ ಔಷಧಗಳಲ್ಲಿ ಬಹುಪಾಲು ಕಾಯಿಸುವುದರಿಂದ ಪೂರ್ಣವಾಗಿ ನಾಶವಾಗವು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದಿರಬಹುದು. ಹೆಪ್ಪಿನ ಸೂಕ್ಷ್ಮಜೀವಿಗಳನ್ನು ಔಷಧವು ತಡೆಯುವುದೇ ಇದಕ್ಕೆ ಕಾರಣ. ಆದರೆ ಮೊಸರು ಕಟ್ಟಿದ ಮಾತ್ರಕ್ಕೆ ಹಾಲು ನಿರ್ದೋಷವೆಂದೂ ತಿಳಿಯಕೂಡದು. ಪೆನಿಸಿಲಿನ್ ಒಗ್ಗದವರಿಗೆ ಅಂಥ ಹಾಲಿನಿಂದ ಅಪಾಯವುಂಟು. ಅಲ್ಪ ಪ್ರಮಾಣದ ಔಷಧಕ್ಕೆ ಪಳಗಿದ ರೋಗಾಣುಗಳು ಮುಂದೆ ಮನುಷ್ಯರ ಚಿಕಿತ್ಸೆಗೂ ಬಗ್ಗದೆ ಹೋಗುವುವು.

ಔಷಧದ ಚೀಟಿಯ ಮೇಲೆ ಎಷ್ಟು ದಿನ ಹಾಲನ್ನು ಬಿಡಬೇಕೆಂಬುದನ್ನು ನಮೂದಿಸಿರತಕ್ಕದ್ದು. ಅವಧಿಯು ನಿಶ್ಚಯವಾಗಿಲ್ಲದಿದ್ದಲ್ಲಿ, 2012ರ ನಿಯಮದಂತೆ ಅದು ಹಾಲಿಗೆ 7 ದಿನಗಳಿಗೂ ಮಾಂಸಕ್ಕೆ 28 ದಿನಗಳಿಗೂ ಕಡಿಮೆಯಿರಕೂಡದು. ಈ ದಿನಗಳನ್ನು ಕೊನೆಯ ಸಲ ಔಷಧ ಕೊಟ್ಟಂದಿನಿಂದ ಎಣಿಸತಕ್ಕದ್ದು. ಒಂದು ಮೊಲೆಗೆ ಮಾತ್ರ ಔಷಧವೇರಿಸಿ, ಉಳಿದ ಮೂರರ ಹಾಲನ್ನು ಸಂಘಕ್ಕೆ ಹಾಕುವ ರೂಢಿಯನ್ನು ತಿರುಗಾಟದಲ್ಲಿ ಕಂಡಿದ್ದೇನೆ. ಔಷಧವು ರಕ್ತದ ಮೂಲಕ ನಾಲ್ಕು ಮೊಲೆಗಳಿಗೂ ಸೇರಬಲ್ಲುದಾದುದರಿಂದ ಎಲ್ಲವುಗಳ ಹಾಲನ್ನೂ ಬಿಡತಕ್ಕದ್ದು. ಆ ಹಾಲನ್ನು ಕರುವಿಗೂ ಕುಡಿಸದೆ, ಬಾವಿ ಕೆರೆಗಳಿಂದ ದೂರದಲ್ಲಿ ಗುಂಡಿಗೆ ಸುರಿಯುವುದು ಲೇಸು.

ಇದನ್ನು ಬರೆಯುವುದು ಸುಲಭ, ನಡೆಸುವುದು ಕಷ್ಟ. ದಿನಕ್ಕೆ 8 ಲೀಟರು ಕರೆಯುವ ಒಂದೇ ಹಸುವುಳ್ಳ ಬಡವನಿಗೆ 7 ದಿನಗಳಲ್ಲಿ 56 ಲೀಟರು ಹಾಲು ನಷ್ಟವಾಗುವುದು. ಆ ಭಯದಿಂದಲೇ ಆತನು ಚಿಕಿತ್ಸೆಯನ್ನು ಮರೆಮಾಚುವನು. ಆದುದರಿಂದ ಚನ್ನಪಟ್ಟಣ, ಕನಕಪುರ, ಮಾಗಡಿ, ರಾಮನಗರ ತಾಲ್ಲೂಕುಗಳ ಗ್ರಾಮ ಯಜಮಾನರೂ ದೊಡ್ಡ ಹಿಡುವಳಿದಾರರೂ ಮೊದಲು ತಮ್ಮ ಕೊಟ್ಟಿಗೆಯಲ್ಲಿಯೇ ಈ ನಿಯಮವನ್ನು ಪಾಲಿಸಿ ಮೇಲ್ಪಂಕ್ತಿ ಹಾಕಬೇಕು. ಔಷಧ ಕೊಟ್ಟ ತಾರೀಖನ್ನು ಬರೆದಿಡುವ ಪುಸ್ತಕವನ್ನು ಸಂಘದಲ್ಲಿ ಇರಿಸಬೇಕು. ನಿಜ ಹೇಳಿದ ಬಡವನಿಗೆ ಆ ವಾರದಲ್ಲಿ ಸಂಘದಿಂದ ಕೈಲಾದ ನೆರವು ದೊರೆಯುವಂತೆ ಏರ್ಪಡಿಸಬೇಕು. ಪಶುವೈದ್ಯರ ಸಲಹೆಯಿಲ್ಲದೆ ಯಾರೂ ಔಷಧ ಚುಚ್ಚದಂತೆ ನೋಡಿಕೊಳ್ಳಬೇಕು. ಕೊಟ್ಟಿಗೆಯನ್ನು ಒಣಗಿಸಿಟ್ಟು, ಕೆಚ್ಚಲನ್ನು ತೊಳೆದು ಒರೆಸಿ, ಕರೆದ ಮೇಲೆ ಹಸುವು ಅರ್ಧ ಗಂಟೆ ಮಲಗದಂತೆ ಮುಂದೆ ಮೇವು ಹಾಕಿದರೆ ಬಾವಿನ ಬಾಧೆಯೇ ಕಡಿಮೆಯಾಗುವುದು. ಆಗ ಹಾಲನ್ನು ಸುರಿಯುವ ಸಂಕಟವೂ ಅಪರೂಪವಾಗುವುದು.