ಸಂರಚನಾ ಕಡತಗಳನ್ನು ಪಡೆಯುವ ಒಂದು ಕಿರು ಸ್ಕ್ರಿಪ್ಟು

ಗಣಕಯಂತ್ರವು ತಾನು ವರ್ತಿಸಬೇಕಾದ ಬಗೆಯನ್ನು ಸಂರಚನಾ ಕಡತಗಳಿಂದ ತಿಳಿಯುತ್ತದೆ. ಯಂತ್ರವು ಒಂದೇ ಆದಲ್ಲಿ ಕಡತವನ್ನು ಕೈಯಿಂದ ಬರೆಯಬಹುದು. ಹತ್ತಾದಲ್ಲಿ ಒಂದೇ ಸಂಗತಿಯನ್ನು ಹತ್ತು ಕಡೆ ತಿದ್ದಬೇಕಾಗಿ, ಎಲ್ಲಿಯಾದರೂ ಹಳೆಯದು ಉಳಿದುಬಿಡುವುದು ಸಹಜ. ಇದಕ್ಕೆ ಪರಿಹಾರವಾದ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇವೆ.

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್, ಹುಲಸೂರು, ಚಿಟಗುಪ್ಪಗಳಲ್ಲಿ ಒಂದು ಸಂಸ್ಥೆಯ ಶಾಖೆಗಳಿದ್ದು, ಪ್ರತಿಯೊಂದರ ಗಣಕವೂ ವಿಳಾಸವನ್ನು ಮುದ್ರಿಸಿ ದೂರವಾಣಿ ಕರೆಗಳನ್ನು ಹಂಚುವುದೆಂದು ಭಾವಿಸೋಣ. ಈ ಕ್ರಮಕ್ಕೆ ಮೂರು ಅಂಗಗಳು. ಮೊದಲನೆಯದು ದತ್ತಾಂಶ: ಶಾಖೆಗೊಂದರಂತೆ ಊರು, ತಾಲ್ಲೂಕು, ದೂರವಾಣಿ ಸಂಕೇತ. ಎರಡನೆಯದು ಅಚ್ಚು: ಸ್ಥಿರವಾದ ಸಾಲುಗಳ ನಡುವೆ ತೆರಪುಗಳನ್ನುಳ್ಳ ಮಾದರಿ ಕಡತ. ಮೂರನೆಯದು ಆ ತೆರಪುಗಳನ್ನು ದತ್ತಾಂಶದಿಂದ ತುಂಬುವ ಸ್ಕ್ರಿಪ್ಟು. ಇದು ಇಪ್ಪತ್ತು ಮೂವತ್ತು ಸಾಲುಗಳನ್ನು ಮೀರಬೇಕಾಗಿಲ್ಲ.

ಕ್ರಮವು ಸರಳವಾದರೂ ಎಚ್ಚರಿಕೆಯ ಸ್ಥಳಗಳುಂಟು. ಬಸವಕಲ್ಯಾಣದ ದೂರವಾಣಿ ಸಂಕೇತ 08481, ಹುಮನಾಬಾದಿನದು 08483. ಇವು ಅಂಕಿಗಳಿಂದಾದರೂ ಪರಿಮಾಣಗಳಲ್ಲ, ಗುರುತುಗಳು. ಸಂಖ್ಯೆಯೆಂದು ಬಗೆದರೆ ಮೊದಲ ಸೊನ್ನೆಗೆ ಬೆಲೆಯಿಲ್ಲ. ಕೋಷ್ಟಕದ ತಂತ್ರಾಂಶಗಳು ಅದನ್ನು ಸದ್ದಿಲ್ಲದೆ ಕಳೆಯುವುದುಂಟು. ಜೇಸನ್ ಕ್ರಮದಲ್ಲಿ ಸೊನ್ನೆಯಿಂದ ಮೊದಲಾದ ಇಂತಹ ಸಂಖ್ಯೆಯೇ ನಿಯಮಬಾಹಿರ. ಆದುದರಿಂದ ಸಂಕೇತವನ್ನು ಉದ್ಧರಣ ಚಿಹ್ನೆಗಳೊಳಗೆ ಪಠ್ಯವಾಗಿಯೇ ಬರೆಯತಕ್ಕದ್ದು.

ಅಂತೆಯೇ, ಬೇಕಾದ ಅಂಶವೊಂದು ದತ್ತಾಂಶದಲ್ಲಿ ಇಲ್ಲದಿದ್ದರೆ ಸ್ಕ್ರಿಪ್ಟು ಅಲ್ಲಿಯೇ ನಿಲ್ಲಬೇಕು. ಪೈಥಾನ್ ಭಾಷೆಯಲ್ಲಿ ಬಳಕೆಯಲ್ಲಿರುವ ಜಿಂಜಾ ಎಂಬ ಸಾಧನವು ಬೇರೆ ವಿಧಿಸದಿದ್ದರೆ ಆ ಸ್ಥಳವನ್ನು ಬರಿದಾಗಿ ಬಿಟ್ಟು ಮುಂದುವರಿಯುತ್ತದೆ. ಕಟ್ಟುನಿಟ್ಟಾದ ಬಗೆಯನ್ನು ನಾವೇ ಕೇಳಿ ಪಡೆಯಬೇಕು. ಹೊಸ ಕಡತವನ್ನು ಮೊದಲು ಬೇರೆ ಹೆಸರಿನಲ್ಲಿ ಬರೆದು, ಪರೀಕ್ಷಿಸಿ, ಅನಂತರ ಹೆಸರು ಬದಲಿಸಿದರೆ ಅರೆಬರೆಯಾದ ಕಡತವನ್ನು ಯಂತ್ರವು ಓದುವ ಅಪಾಯವಿಲ್ಲ.

ಈ ಶ್ರಮದ ಫಲವು ಬದಲಾವಣೆಯ ಕಾಲದಲ್ಲಿ ಕಾಣುತ್ತದೆ. 2017ರಲ್ಲಿ ರಾಜ್ಯ ಸರಕಾರವು ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ, ಬಸವಕಲ್ಯಾಣ ತಾಲ್ಲೂಕಿನಲ್ಲಿದ್ದ ಹುಲಸೂರೂ ಹುಮನಾಬಾದ್ ತಾಲ್ಲೂಕಿನಲ್ಲಿದ್ದ ಚಿಟಗುಪ್ಪವೂ ಸೇರಿದ್ದವು. ಇಂತಹ ಸಂದರ್ಭದಲ್ಲಿ ದತ್ತಾಂಶದ ಎರಡು ನಮೂದುಗಳನ್ನು ತಿದ್ದಿ ಸ್ಕ್ರಿಪ್ಟನ್ನು ಮತ್ತೊಮ್ಮೆ ನಡೆಸಿದರೆ ಸಾಕು. ಆದರೆ ಸ್ಕ್ರಿಪ್ಟಿನಿಂದ ಬಂದ ಕಡತವನ್ನು ಯಾರೂ ಕೈಯಿಂದ ತಿದ್ದಕೂಡದು. ಮುಂದಿನ ಸಲ ಆ ತಿದ್ದುಪಡಿ ಅಳಿದುಹೋಗುತ್ತದೆ.

ಸಂಗತಿಯು ಒಂದೇ ಕಡೆ ಇರುವುದರಿಂದ ಅಲ್ಲಿಯ ತಪ್ಪು ಎಲ್ಲ ಕಡೆಗೂ ಹರಡುವುದೆಂಬುದನ್ನು ಮರೆಯಲಾಗದು. ಹಳೆಯ ಕಡತವನ್ನೂ ಹೊಸದನ್ನೂ ಹೋಲಿಸಿ ನೋಡಿ, ಉದ್ದೇಶಿಸಿದ ವ್ಯತ್ಯಾಸವಷ್ಟೇ ಇದೆಯೆಂದು ಖಚಿತಪಡಿಸಿಕೊಳ್ಳುವ ಹೊಣೆ ಮನುಷ್ಯನದೇ.