ಸಾವಿರ ಗಜದ ತೋಟೆ

ಬೇಸಿಗೆಯ ಬೆಳಗು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಊರಿನಾಚೆ, ಕಾಡುಬೆಟ್ಟಗಳ ನಡುವಿನ ಬಯಲು. ಒಂದು ಕಾಲಕ್ಕೆ ಸಸ್ಕ್ವೆಹಾನಾ ನದಿಯಲ್ಲಿ ತೇಲಿಬರುತ್ತಿದ್ದ ದಿಮ್ಮಿಗಳಿಂದ ಶ್ರೀಮಂತವಾಗಿದ್ದ ಊರು ಇದು. ಈಗ ಮಕ್ಕಳ ಬೇಸ್‌ಬಾಲ್‌ಗೆ ಹೆಸರುವಾಸಿ. ದೂರದ ಗುರಿಯ ಹುಚ್ಚು ಹತ್ತಿದವರಿಗೆ ಮಾತ್ರ ವಿಲಿಯಮ್ಸ್‌ಪೋರ್ಟ್ ಅಂದರೆ ಈ ಬಯಲೇ. ಸಾಲಾಗಿ ನಿಂತ ಗಟ್ಟಿ ಬೆಂಚುಗಳು, ಅವುಗಳ ಮೇಲೆ ಮರಳುಚೀಲಗಳು, ಚೀಲಗಳ ಮೇಲೆ ಉದ್ದ ನಳಿಗೆಯ ಕೋವಿಗಳು. ಎದುರಿಗೆ ಸಾವಿರ ಗಜ, ಅಂದರೆ 914 ಮೀಟರ್ ದೂರದಲ್ಲಿ, ಬರಿಗಣ್ಣಿಗೆ ಬಿಳಿ ಚುಕ್ಕೆಯಷ್ಟೇ ಆದ ಕಾಗದ. ನಡುವೆ ನೆಟ್ಟ ಬಾವುಟಗಳಲ್ಲಿ ಹತ್ತಿರದ್ದು ಎಡಕ್ಕೆ ಬೀಸಿದರೆ ದೂರದ್ದು ಜೋತುಬಿದ್ದಿದೆ.

ಸಾವಿರ ಗಜದ ಬೆಂಚ್‌ರೆಸ್ಟ್ ಸ್ಪರ್ಧೆಗೆಂದೇ ಇಲ್ಲಿ ಕ್ಲಬ್ಬು ಹುಟ್ಟಿದ್ದು 1967ರಲ್ಲಿ. ಲೆಕ್ಕ ಸರಳವಾಗಿತ್ತು: ಹತ್ತು ಈಡು ಹೊಡೆಯಬೇಕು, ಹತ್ತೂ ತೂತು ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆಯಬೇಕು. 1970ರಲ್ಲಿ ಮೇರಿ ಲೂಯಿಸ್ ಡಿವಿಟೊ ಎಂಬ ಮಹಿಳೆ ಹತ್ತು ಗುಂಡುಗಳನ್ನು ಎಂಟು ಇಂಚಿನೊಳಗೆ ಕೂರಿಸಿ ದಾಖಲೆ ಬರೆದರು. 1987ರಲ್ಲಿ ಅರ್ಲ್ ಕ್ರಾನಿಸ್ಟರ್ ಅದನ್ನು 4.375 ಇಂಚಿಗೆ, ಸುಮಾರು ಹನ್ನೊಂದು ಸೆಂಟಿಮೀಟರಿಗೆ ಇಳಿಸಿದರು. ಅವರ ಕೈಯಲ್ಲಿದ್ದದ್ದು .30-378 ವೆದರ್‌ಬಿ ಮ್ಯಾಗ್ನಮ್. ಆ ಹೊತ್ತಿಗೆ ಅಂಗಡಿಯಲ್ಲಿ ಆ ತೋಟೆಯೇ ಸಿಗುತ್ತಿರಲಿಲ್ಲ. ಕಾರ್ಖಾನೆಯ ತೋಟೆ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ದೊಡ್ಡ ಬಾಯಿಯ ಹಿತ್ತಾಳೆ ಕೇಸನ್ನು ಅಚ್ಚಿನಲ್ಲಿ ಒತ್ತಿ, ಕತ್ತು ಕಿರಿದು ಮಾಡಿ, ಕೈಯಾರೆ ತುಂಬಿದ ತೋಟೆಯಿಂದ ಬಂದ ದಾಖಲೆ ಅದು.

ಇಷ್ಟು ದೊಡ್ಡ ತೋಟೆ ಯಾಕೆ ಬೇಕು? .308 ರೈಫಲಿನ ಹೆಸರಾಂತ 168 ಗ್ರೇನ್ ಗುಂಡನ್ನು ತೆಗೆದುಕೊಳ್ಳಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಮುನ್ನೂರು ಗಜದಲ್ಲಿ ಈ ಗುಂಡು ಬಂಗಾರದಂಥದ್ದು. ಸಾವಿರ ಗಜ ಮುಟ್ಟುವಷ್ಟರಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿದು ತೂರಾಡತೊಡಗುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್‌ನಿಂದ ಹೊರಟ 190 ಗ್ರೇನ್ ಗುಂಡು ಅಷ್ಟೇ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸಿ, ಇನ್ನೂ ಶಬ್ದಕ್ಕಿಂತ ವೇಗವಾಗಿಯೇ ಕಾಗದ ತೂರುತ್ತದೆ. ಈ ಗುಟ್ಟು ಹಳೆಯದು. 1935ರಲ್ಲಿ ಒಹಾಯೋದ ಕ್ಯಾಂಪ್ ಪೆರ್ರಿಯಲ್ಲಿ, ಈರೀ ಸರೋವರದ ಗಾಳಿಗೆದುರಾಗಿ, ಬೆನ್ ಕಂಫರ್ಟ್ ಎಂಬವರು .300 ಹಾಲೆಂಡ್ ಮ್ಯಾಗ್ನಮ್ ಹಿಡಿದು ಸಾವಿರ ಗಜದ ವಿಂಬಲ್ಡನ್ ಕಪ್ ಗೆದ್ದರು. ಆಫ್ರಿಕಾದ ಬೇಟೆಗೆಂದು ಹುಟ್ಟಿದ ತೋಟೆಗಳ ಮನೆತನ ಅಂದಿನಿಂದ ಗುರಿಹಲಗೆಯ ಕಡೆಗೂ ತಿರುಗಿತು.

ಆದರೆ ಬಲವನ್ನು ಕೋವಿಯೊಂದಿಗೇ ದುಡ್ಡು ಕೊಟ್ಟು ತರಬಹುದು. ಹತ್ತನೆಯ ತೋಟೆ ಮೊದಲನೆಯದರಂತೆಯೇ ನಡೆದುಕೊಳ್ಳಬೇಕು ಅನ್ನುವುದನ್ನು ಕೊಳ್ಳಲು ಬರುವುದಿಲ್ಲ. ಆ ಕೆಲಸ ನಡೆಯುವುದು ಬಯಲಿನಲ್ಲಲ್ಲ. ಮನೆಯ ನೆಲಮಾಳಿಗೆಯಲ್ಲಿ, ಚಳಿಗಾಲದ ಸಂಜೆಗಳಲ್ಲಿ.

ಟ್ಯೂಬ್‌ಲೈಟಿನ ಕೆಳಗೆ ಗಟ್ಟಿ ಮೇಜು. ಅದಕ್ಕೆ ಬೋಲ್ಟು ಹಾಕಿ ಬಿಗಿದ ಪ್ರೆಸ್ಸು, ಪಕ್ಕದಲ್ಲಿ ತಕ್ಕಡಿ, ಅಳೆಯುವ ಕ್ಯಾಲಿಪರ್, ಮೂಲೆ ಮಡಿಸಿದ ಲೋಡಿಂಗ್ ಕೈಪಿಡಿ. ಗುಂಡಿನ ಡಬ್ಬಿಗಳು ಒಂದು ಕಡೆ, ಮದ್ದಿನ ಡಬ್ಬಿಗಳು ದೂರದ ಕಪಾಟಿನಲ್ಲಿ. ಮೇಜಿನ ಮೇಲೆ ಒಮ್ಮೆಗೆ ಒಂದೇ ಮದ್ದಿನ ಡಬ್ಬಿ ಇರಬೇಕು ಎನ್ನುವುದು ಇಲ್ಲಿ ಯಾರೂ ಮೀರದ ಕಟ್ಟಳೆ. ಒಂದರ ಬದಲು ಇನ್ನೊಂದು ತುಂಬಿದರೆ ಕೋವಿ ಒಡೆಯಬಹುದು. ಅದರ ಹಿಂದೆ ಇರುವುದು ಮುಖ.

ಮೊದಲು ಗುಂಡು. ಉಳಿದೆಲ್ಲ ಅದನ್ನು ಅನುಸರಿಸುತ್ತದೆ. ಸಿಯೆರಾ ಕಂಪನಿಯ 190 ಗ್ರೇನ್ ಮ್ಯಾಚ್‌ಕಿಂಗ್ ಎಷ್ಟೋ ವರ್ಷ ಈ ಮೇಜಿನ ನಂಬಿಕೆಯ ಆಳು. ತುದಿಯಲ್ಲಿ ಸೂಜಿತೂತು, ತಾಮ್ರದ ಹೊದಿಕೆ, ಒಳಗೆ ಸೀಸ, ಹಿಂದಕ್ಕೆ ಕಿರಿದಾಗುವ ಬಾಲ. ಅದರ ಪಕ್ಕ ಬರ್ಗರ್ ಕಂಪನಿಯ 215 ಗ್ರೇನ್ ಹೈಬ್ರಿಡ್ ಇಟ್ಟು ನೋಡಿದರೆ ಎತ್ತರವೂ ಮೂತಿಯ ಇಳಿಜಾರೂ ಬೇರೆಯೇ. ಗಾಳಿ ಸೀಳುವ ಗುಣವನ್ನು ಅಳೆಯುವ ಜಿ7 ಅಂಕ ಮೊದಲನೆಯದಕ್ಕೆ 0.27ರ ಆಸುಪಾಸು, ಎರಡನೆಯದಕ್ಕೆ 0.35ರ ಹತ್ತಿರ. ಗಂಟೆಗೆ ಹದಿನಾರು ಕಿಲೋಮೀಟರಿನ ಅಡ್ಡಗಾಳಿ 190ನ್ನು ಸಾವಿರ ಗಜದಲ್ಲಿ ಎರಡು ಮೀಟರಿನಷ್ಟು ಪಕ್ಕಕ್ಕೆ ಒಯ್ದರೆ, 215 ಸುಮಾರು ಒಂದೂವರೆ ಮೀಟರಿಗೆ ನಿಲ್ಲುತ್ತದೆ. ಬಾವುಟ ಓದುವುದರಲ್ಲಿ ತಪ್ಪಿದರೂ ಭಾರದ ಗುಂಡು ತೆರಿಸುವ ದಂಡ ಕಡಿಮೆ.

ಹಾಗೆಂದು ಉದ್ದನೆಯ ಗುಂಡು ಎಲ್ಲ ನಳಿಗೆಗೂ ಒಗ್ಗುವುದಿಲ್ಲ. ಗುಂಡು ಬುಗುರಿಯಂತೆ, ತಿರುಗುವ ರಭಸ ಸಾಲದಿದ್ದರೆ ಓಲಾಡಿ ಉರುಳುತ್ತದೆ. ಹತ್ತು ಇಂಚಿಗೆ ಒಂದು ಸುತ್ತು ಹಾಕಿಸುವ ರೈಫ್ಲಿಂಗ್ ಎಂಬ ಒಳಗೀರುಗಳಿರುವ ನಳಿಗೆಯಿಂದ ಮ್ಯಾಗ್ನಮ್ ಗುಂಡು ಹೊರಬೀಳುವಾಗ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಲೆಕ್ಕದಲ್ಲಿ ಗಿರಕಿ ಹೊಡೆಯುತ್ತಿರುತ್ತದೆ. ಹನ್ನೆರಡು ಇಂಚಿನ ಸುತ್ತಿನ ಹಳೆಯ ನಳಿಗೆ ಇರುವವರು 215ರ ಆಸೆ ಬಿಟ್ಟು ಹಗುರ ಗುಂಡಿಗೇ ಮರಳಬೇಕು.

ಮೂತಿಯ ಆಕಾರದಲ್ಲೂ ಗುಣವಿದೆ. 1980ರ ದಶಕದಲ್ಲಿ ಬಂದ ವಿಎಲ್‌ಡಿ ಎಂಬ ಚೂಪು ಮೂತಿಯ ಗುಂಡುಗಳು ಗಾಳಿಯನ್ನು ಚೆನ್ನಾಗಿ ಸೀಳುತ್ತವೆ, ಆದರೆ ಮುಂಗೋಪಿಗಳು. ತೋಟೆಯಲ್ಲಿ ಎಷ್ಟು ಆಳಕ್ಕೆ ಕೂತಿವೆ, ರೈಫ್ಲಿಂಗ್‌ನ ಅಂಚಿಗೆ ಎಷ್ಟು ಹತ್ತಿರವಿವೆ ಎನ್ನುವುದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗುಂಪು ಚದುರುತ್ತದೆ. ಹೈಬ್ರಿಡ್ ಹುಟ್ಟಿದ್ದೇ ಆ ಕೋಪವನ್ನು ಇಳಿಸಲು: ಮೂತಿಯ ಬುಡದ ಹತ್ತಿರ ಹಳೆಯ ಸೌಮ್ಯ ಬಾಗು, ತುದಿಗೆ ವಿಎಲ್‌ಡಿಯ ಚೂಪು. ಹೊಸದಾಗಿ ಕೈಹಾಕಿದವರಿಗೆ ಅದೇ ವಾಸಿ. ಯಾವ ಡಬ್ಬಿ ತೆರೆದರೂ ಅಳೆಯುವ ಕೆಲಸ ತಪ್ಪಿದ್ದಲ್ಲ. ಬುಡದಿಂದ ಮೂತಿಯ ಬಾಗು ಶುರುವಾಗುವವರೆಗಿನ ಉದ್ದ ನೋಡಿ ಗುಂಡುಗಳನ್ನು ಗುಡ್ಡೆ ಹಾಕಬೇಕು. ಗುಡ್ಡೆಗೆ ಸೇರದವು ಅಭ್ಯಾಸಕ್ಕೆ.

ಎರಡನೆಯದು ಮದ್ದು. ದೊಡ್ಡ ಕೇಸು, ಕಿರಿದಾದ ನಳಿಗೆ: ಇಲ್ಲಿಗೆ ನಿಧಾನ ಉರಿಯುವ ಮದ್ದೇ ಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಗೋದಾಮುಗಳಲ್ಲಿ ಮದ್ದು ರಾಶಿ ಬಿದ್ದಿತ್ತು. ಕ್ಯಾನ್ಸಾಸ್‌ನ ಬ್ರೂಸ್ ಹಾಜ್ಡನ್ ಅದನ್ನು ಕೊಂಡು, ಕೈಯಾರೆ ತೋಟೆ ತುಂಬುವವರಿಗೆ ಮಾರಿದರು. 20 ಮಿಲಿಮೀಟರ್ ಫಿರಂಗಿಗೆಂದು ಮಾಡಿದ್ದ 4831 ಎಂಬ ನಿಧಾನ ಮದ್ದು ಹೀಗೆ ಮ್ಯಾಗ್ನಮ್‌ಗಳ ಹೊಟ್ಟೆ ಸೇರಿತು. ಇಂದು ಅದೇ ಕಂಪನಿಯ ಡಬ್ಬಿಯಲ್ಲಿ ಬರುವ ಎಚ್1000 ತಯಾರಾಗುವುದು ಆಸ್ಟ್ರೇಲಿಯಾದಲ್ಲಿ. ಇದನ್ನು ಆರಿಸಿಕೊಳ್ಳುವವರು ವೇಗ ನೋಡುವುದಿಲ್ಲ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಅದು ಹೆಚ್ಚು ಬದಲಾಗದೆ ಉರಿಯುತ್ತದೆ ಎನ್ನುವುದನ್ನು ನೋಡುತ್ತಾರೆ. ಕೈಪಿಡಿ ಹೇಳಿದ ಕನಿಷ್ಠದಿಂದ ಹೊರಟು, ಸ್ವಲ್ಪ ಸ್ವಲ್ಪವೇ ಏರಿಸುತ್ತ, ಬೋಲ್ಟು ಎತ್ತುವಾಗ ಬಿಗಿಯಾಯಿತೇ, ಮದ್ದು ಹೊತ್ತಿಸುವ ಪ್ರೈಮರಿನ ಮುಖ ಚಪ್ಪಟೆಯಾಯಿತೇ ಎಂದು ಗಮನಿಸುವುದೇ ದಾರಿ. ಒಳ್ಳೆಯ ತಕ್ಕಡಿಗೆ ಒಂದು ಕಾಳು ಹೆಚ್ಚಾದದ್ದೂ ತಿಳಿಯುತ್ತದೆ. ಚಿಮಟದಿಂದ ಆ ಕಾಳನ್ನು ಎತ್ತಿ ತೆಗೆಯುವವರಿದ್ದಾರೆ.

ಪ್ರೈಮರ್ ನಮ್ಮ ಮಲೆನಾಡಿನ ಕೋವಿಯ ಕೇಪಿಗೆ ಹತ್ತಿರದ ಸಂಬಂಧಿ. ಐದು ಗ್ರಾಮಿನ ಹತ್ತಿರದ ಮದ್ದಿಗೆ ಸಾಧಾರಣ ಕಿಡಿ ಸಾಲದು. .378 ವೆದರ್‌ಬಿಯ ದೊಡ್ಡ ಹೊಟ್ಟೆಯ ಮದ್ದನ್ನು ಸರಿಯಾಗಿ ಹೊತ್ತಿಸಲೆಂದೇ ಫೆಡರಲ್ ಕಂಪನಿ 215 ಎಂಬ ಬಿಸಿ ಪ್ರೈಮರನ್ನು ರೂಪಿಸಿತು. ಪ್ರೈಮರ್ ಬದಲಾಯಿಸಿದವರು ಮದ್ದನ್ನು ಮತ್ತೆ ಕೆಳಗಿನಿಂದಲೇ ಏರಿಸಿಕೊಂಡು ಬರಬೇಕು.

ಹಿತ್ತಾಳೆ ಕೇಸಿನದು ಬೇರೆ ಕಥೆ. ಹಾಲೆಂಡ್ ವಂಶದ ಮ್ಯಾಗ್ನಮ್‌ಗಳ ಬುಡದಲ್ಲಿ ಒಂದು ಪಟ್ಟಿ ಇದೆ. ನಳಿಗೆಯ ಬುಡದ ಕೋಣೆಯಲ್ಲಿ ತೋಟೆ ಎಲ್ಲಿ ನಿಲ್ಲಬೇಕೆಂದು ಹೇಳುವುದು ಆ ಪಟ್ಟಿಯ ಕೆಲಸ. ಗುರಿಕಾರರು ಅದನ್ನು ನಂಬುವುದಿಲ್ಲ. ಒಮ್ಮೆ ಹೊಡೆದ ಕೇಸು ತನ್ನ ಕೋವಿಯ ಕೋಣೆಯ ಅಚ್ಚು ಪಡೆದಿರುತ್ತದೆ. ಅದರ ಭುಜವನ್ನು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹಿಂದಕ್ಕೆ ತಳ್ಳಿ, ಪಟ್ಟಿಯ ಬದಲು ಭುಜದ ಮೇಲೆ ನಿಲ್ಲುವಂತೆ ಮಾಡುತ್ತಾರೆ. ಕೇಸೂ ಹೆಚ್ಚು ಸಲ ಬಾಳುತ್ತದೆ. ಮತ್ತೆ ಮತ್ತೆ ಹೊಡೆದು ಗಡುಸಾದ ಕತ್ತನ್ನು ಜ್ವಾಲೆಯಲ್ಲಿ ಕಾಯಿಸಿ ಮೆದು ಮಾಡುವುದೂ ಉಂಟು. ಕತ್ತಿನ ಹಿಡಿತ ಎಲ್ಲದರಲ್ಲೂ ಒಂದೇ ಇದ್ದರೆ ಗುಂಡು ಬಿಡಿಸಿಕೊಳ್ಳುವ ಕ್ಷಣವೂ ಒಂದೇ ಆಗುತ್ತದೆ.

ಇಷ್ಟೆಲ್ಲ ಯಾತಕ್ಕೆ? ನಳಿಗೆ ತೋರಿದ ದಾರಿಯಿಂದ ಗುಂಡು ಸಾವಿರ ಗಜದಲ್ಲಿ ಏಳೆಂಟು ಮೀಟರ್ ಕೆಳಗಿಳಿಯುತ್ತದೆ. ಎರಡು ತೋಟೆಗಳ ವೇಗದಲ್ಲಿ ಸೆಕೆಂಡಿಗೆ ಹತ್ತು ಮೀಟರ್ ವ್ಯತ್ಯಾಸ ಬಂದರೆ, ಕಾಗದದ ಮೇಲೆ ಒಂದು ಇನ್ನೊಂದಕ್ಕಿಂತ ಹದಿನೈದು ಸೆಂಟಿಮೀಟರಿಗೂ ಮಿಕ್ಕಿ ಕೆಳಗೆ ಬೀಳುತ್ತದೆ. ಕ್ರಾನಿಸ್ಟರ್ ಅವರ ಹತ್ತೂ ಗುಂಡುಗಳ ಗುಂಪು ಅದಕ್ಕಿಂತ ಚಿಕ್ಕದಾಗಿತ್ತು.

ಮ್ಯಾಗ್ನಮ್‌ಗೆ ಸೋಲೂ ಉಂಟು. ಒಂದೂವರೆ ಎರಡು ಸಾವಿರ ಈಡಿಗೆ ಅದು ನಳಿಗೆಯನ್ನು ತಿಂದುಹಾಕುತ್ತದೆ. ಹೆಗಲಿಗೆ ಕೊಡುವ ಒದೆತಕ್ಕೆ ಒಳ್ಳೆಯ ಗುರಿಕಾರರೂ ಹತ್ತನೆಯ ಈಡಿನ ಹೊತ್ತಿಗೆ ಕಣ್ಣು ಕಿವಿಚುತ್ತಾರೆ. ವಿಲಿಯಮ್ಸ್‌ಪೋರ್ಟಿನ ಬೆಂಚುಗಳ ಮೇಲೆ ಈಗ 6 ಮಿಲಿಮೀಟರಿನ ಪುಟ್ಟ ತೋಟೆಗಳೂ ಸಾಕಷ್ಟು. ಒದೆತ ಕಡಿಮೆಯಿದ್ದು ಹತೋಟಿಗೆ ಸಿಗುವ ಕೋವಿ ಒಂದೇ ರೀತಿ ನಡೆದುಕೊಳ್ಳುವುದು ಸುಲಭ. ಆದರೂ ಗಾಳಿ ಏರಿದ ದಿನ, ಇಲ್ಲವೇ ದೂರ ಸಾವಿರ ಗಜ ಮೀರಿದಾಗ, ಭಾರದ ಗುಂಡಿಗೆ ಮತ್ತೆ ಬೆಲೆ ಬರುತ್ತದೆ.

ಗುರಿಯ ಬಳಿಯ ಗುಂಡಿಯಲ್ಲಿ ಕಾದಿದ್ದವರು ಗುರಿಕಾಗದ ಇಳಿಸಿ ತಂದಾಗ ತಕರಾರಿಗೆ ಎಡೆಯಿಲ್ಲ. ತೂತುಗಳು ಅಡ್ಡಕ್ಕೆ ಹರಡಿದ್ದರೆ ಅದು ಬಾವುಟ ಓದಿದವರ ಲೆಕ್ಕ. ಮೇಲೆ ಕೆಳಗೆ ಹರಡಿದ್ದರೆ ಬಹುಮಟ್ಟಿಗೆ ನೆಲಮಾಳಿಗೆಯ ಮೇಜಿನ ಲೆಕ್ಕ. ಗಾಳಿಯನ್ನು ಬಯ್ದು ಹಗುರಾಗಬಹುದು. ಮೇಲೆ ಕೆಳಗಿನ ಹರಡುವಿಕೆಗೆ ಮಾತ್ರ ಬಯ್ಯಲು ಬೇರೆ ಯಾರೂ ಸಿಗುವುದಿಲ್ಲ. ಅದಕ್ಕೇ ಅನುಭವಸ್ಥರು ಕಾಗದ ಕೈಗೆ ಬಂದ ಕೂಡಲೇ ಗುಂಪಿನ ಅಗಲ ಬಿಟ್ಟು ಮೊದಲು ಎತ್ತರ ಅಳೆಯುತ್ತಾರೆ.