ಪುಣೆಯಲ್ಲಿ ಮನೆ ಹಿಡಿಯುವ ಮುನ್ನ



ಸಾಸ್ತೂರ, ಉಮರ್ಗಾ, ನಿಲಂಗಾ, ಉದಗೀರ ಭಾಗದಿಂದ ಪುಣೆಗೆ ದುಡಿಯಲು ಹೋಗುವವರು ಸಾಮಾನ್ಯವಾಗಿ ಮೊದಲು ಒಬ್ಬರೇ ಹೋಗುತ್ತಾರೆ. ಊರಿನವರ ಖೋಲಿಯಲ್ಲಿ ನಾಲ್ಕು ಮಂದಿಯ ಜೊತೆ ಹೇಗೋ ದಿನ ಕಳೆಯುತ್ತಾರೆ. ಹೆಂಡತಿ, ಮಕ್ಕಳು, ವಯಸ್ಸಾದ ತಾಯಿಯನ್ನು ಕರೆಸಿಕೊಳ್ಳುವಾಗ ಮಾತ್ರ ಬೇರೆ ಮನೆಯೇ ಬೇಕು. ಅದಕ್ಕೆ ಕಟ್ಟುವ ಡಿಪಾಸಿಟ್ಟು ಎಷ್ಟೋ ವೇಳೆ ಒಂದು ಹಂಗಾಮಿನ ಸೋಯಾಬೀನ್ ಮಾರಿ ಬಂದ ಹಣ. ಆ ಹಣ ಕೈಬಿಡುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಂದು ಹೇಳುತ್ತೇವೆ.

ಮೊದಲನೆಯದು ಅಳತೆ. ಏಜೆಂಟರು "ಟೂ ಬಿಎಚ್‌ಕೆ" ಎಂದರೆ ಮಲಗುವ ಕೋಣೆ ಎರಡು, ಒಂದು ಹಾಲ್, ಒಂದು ಅಡಿಗೆಮನೆ ಎಂದರ್ಥ. ಅದು ಎಷ್ಟು ಚೌರಸ ಫೂಟ್ ಎಂದು ಕೇಳಿರಿ. 'ಕಾರ್ಪೆಟ್' ಅಳತೆಯನ್ನೇ ಕೇಳಿರಿ. ಕಾರ್ಪೆಟ್ ಎಂದರೆ ಹೊರಗೋಡೆಗಳ ಒಳಗೆ ನಮ್ಮ ಬಳಕೆಗೆ ಸಿಗುವ ನೆಲ. 'ಸೂಪರ್ ಬಿಲ್ಟಪ್' ಎಂದು ಹೇಳಿದರೆ ಅದರಲ್ಲಿ ಮೆಟ್ಟಿಲು, ಲಿಫ್ಟುಗಳ ಪಾಲೂ ಸೇರಿರುತ್ತದೆ. ಚೌರಸ ಫೂಟಿನ ಲೆಕ್ಕ ನಮಗೆ ಹೊಸದಲ್ಲ. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ನಮ್ಮ ಭಾಗದ ಪುನರ್ವಸತಿ ಹಳ್ಳಿಗಳಲ್ಲಿ ಹೊಲದ ಪ್ರಮಾಣ ನೋಡಿ 250, 400, 750 ಚೌರಸ ಫೂಟಿನ ಮನೆ ಕೊಟ್ಟರು. ಆ ಮನೆಗಳನ್ನು ಕಣ್ಣ ಮುಂದೆ ತಂದುಕೊಂಡು ನಿಮ್ಮ ಸಂಸಾರಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕಿರಿ. ಫ್ಲ್ಯಾಟಿಗೆ ಅಂಗಳವಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಎರಡನೆಯದು ಮಾಲೀಕರು ಯಾರು ಎಂಬುದು. ಮನೆ ತೋರಿಸಿದವರೆಲ್ಲ ಮಾಲೀಕರಲ್ಲ. ವಿದ್ಯುತ್ ಬಿಲ್ಲು ಮತ್ತು ಖರೀದಿಯ 'ಇಂಡೆಕ್ಸ್ ಟೂ' ಕಾಗದದಲ್ಲಿರುವ ಹೆಸರನ್ನು ನೋಡಿರಿ. ಡಿಪಾಸಿಟ್ಟನ್ನು ಅದೇ ಹೆಸರಿನ ಬ್ಯಾಂಕ್ ಖಾತೆಗೆ ಹಾಕಿರಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕರಾರು. ಪುಣೆಯಲ್ಲಿ ಮನೆಯನ್ನು ಹೆಚ್ಚಾಗಿ 'ಲೀವ್ ಅಂಡ್ ಲೈಸೆನ್ಸ್' ಮೇಲೆ, ಬಹಳ ಸಲ 11 ತಿಂಗಳಿಗೆ ಕೊಡುತ್ತಾರೆ. ಇದು ಇಷ್ಟು ದಿನ ಇರಲು ಕೊಡುವ ಪರವಾನಗಿ. ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಬಾಡಿಗೆಯ ಇಮ್ಮಡಿ ತೆರಬೇಕಾಗುತ್ತದೆ.

"11 ತಿಂಗಳಿಗೆ ನೋಂದಣಿ ಏಕೆ, ನೋಟರಿ ಸಾಕು" ಎಂದು ಹೇಳುವವರಿದ್ದಾರೆ. 1908ರ ನೋಂದಣಿ ಕಾಯಿದೆ ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ ಮಾಡಿದ್ದರಿಂದ ಹುಟ್ಟಿದ ಮಾತು ಅದು. ಮಹಾರಾಷ್ಟ್ರದಲ್ಲಿ ಅದು ನಡೆಯದು. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ರಾಜ್ಯದ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಇಂಥ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಾಯಿಸುವ ಹೊಣೆ ಮಾಲೀಕರದು. ತಪ್ಪಿದರೆ ಅವರಿಗೆ ಮೂರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನೋಂದಣಿಯಿಲ್ಲದೆ ಜಗಳ ಎದ್ದರೆ, ಶರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜವೆಂದು ಹಿಡಿಯಲಾಗುತ್ತದೆ. ಅಲ್ಲವೆಂದು ಮಾಲೀಕರು ಸಾಧಿಸಬೇಕು. ಆದರೂ ಹೊಟ್ಟೆಪಾಡಿಗೆ ಹೋದವರು ಕೋರ್ಟಿಗೆ ಅಲೆಯುವುದೆಲ್ಲಿ? ಮೊದಲೇ ನೋಂದಣಿ ಮಾಡಿಸುವುದೇ ಮೇಲು.

ಖರ್ಚು ಬಹಳವಿಲ್ಲ. ಮುದ್ರಾಂಕ ಶುಲ್ಕ ಕರಾರಿನ ಒಟ್ಟು ಬಾಡಿಗೆಯ ಮೇಲೆ ನೂರಕ್ಕೆ 25 ಪೈಸೆ. ತಿಂಗಳಿಗೆ 15,000ದಂತೆ 11 ತಿಂಗಳಿಗೆ 1,65,000 ರೂಪಾಯಿ ಆದರೆ ಶುಲ್ಕ 412 ರೂಪಾಯಿ 50 ಪೈಸೆ. ಡಿಪಾಸಿಟ್ಟಿನ ಲೆಕ್ಕದ್ದು ಸ್ವಲ್ಪ ಸೇರುತ್ತದೆ. ಮಹಾನಗರದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಏಜೆಂಟರ ಕೂಲಿ ಬೇರೆ. ಅದನ್ನು ಮೊದಲೇ ಮಾತಾಡಿಕೊಳ್ಳಿರಿ.

ಸಹಿ ಮಾಡುವ ಮುನ್ನ ಐದು ಸಾಲುಗಳನ್ನು ಹುಡುಕಿರಿ: ಡಿಪಾಸಿಟ್ಟು ಎಷ್ಟು, ಯಾವ ದಿನ ವಾಪಸು, ಯಾವುದಕ್ಕೆ ಹಣ ಕಡಿಯಬಹುದು, ಸೊಸೈಟಿಯ ಮೇಂಟೆನೆನ್ಸ್ ಯಾರದು, ಮನೆ ಬಿಡಲು ಎಷ್ಟು ದಿನದ ನೋಟೀಸು. ಮರಾಠಿ ಓದಬಲ್ಲ ನಮಗೆ ಮರಾಠಿ ಕರಾರು ಸುಲಭ. ಇಂಗ್ಲಿಷಿನಲ್ಲಿದ್ದರೆ ತಿಳಿದವರಿಂದ ಸಾಲುಸಾಲಾಗಿ ಓದಿಸಿ ಅರ್ಥ ಕೇಳಿರಿ. ಬೀಗದ ಕೈ ಪಡೆದ ದಿನವೇ ಒಡೆದ ನಲ್ಲಿ, ಗೋಡೆಯ ಕಲೆಗಳ ಫೋಟೋ ತೆಗೆದು ಮಾಲೀಕರಿಗೆ ಕಳಿಸಿರಿ. ಕರಾರಿನ ಒಂದು ಪ್ರತಿ ಊರಿನ ಮನೆಯ ಟ್ರಂಕಿನಲ್ಲಿಯೂ ಇರಲಿ.